ಇಂಗ್ಲೆಂಡ್ ವಿರುದ್ಧ ಗೋಲು ಹೊಡೆದವನೇ ಇಂಗ್ಲೆಂಡ್ ಪರ ಆಡಿದ್ದು ಹೇಗೆ?

1890ರ ದಶಕದ ಫುಟ್‌ಬಾಲ್ ಆಟಗಾರ ಜ್ಯಾಕ್ ರೆನಾಲ್ಡ್ಸ್ ಐರ್ಲೆಂಡ್ ಪರ ಆಡಿ ಇಂಗ್ಲೆಂಡ್ ವಿರುದ್ಧ ಗೋಲು ಹೊಡೆದು, ಆಮೇಲೆ ಅದೇ ಇಂಗ್ಲೆಂಡ್ ತಂಡ ಸೇರಿದ್ದು ನಿಜವಾ ಅಂತ ಕೇಳಿದ್ದೀರಿ. ನಿಜ. ಆ ಕಾಲದ ಆಟಗಾರರಲ್ಲಿ ನನಗೆ ಅತಿ ಇಷ್ಟದವನು ಇವನೇ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಹುಟ್ಟಿದ್ದು 1869ರಲ್ಲಿ, ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್‌ನಲ್ಲಿ. ಬಾಲ್ಯದ ಒಂದು ಭಾಗ ಕಳೆದಿದ್ದು ಐರ್ಲೆಂಡಿನಲ್ಲಿ. ಈಸ್ಟ್ ಲ್ಯಾಂಕಾಶೈರ್ ರೆಜಿಮೆಂಟಿನ ಸಿಪಾಯಿಯಾಗಿ ಬೆಲ್‌ಫಾಸ್ಟ್‌ನಲ್ಲಿದ್ದ, ಅಲ್ಲಿ ಡಿಸ್ಟಿಲರಿ ಮತ್ತು ಅಲ್ಸ್ಟರ್ ಕ್ಲಬ್‌ಗಳಿಗೆ ಆಡಿದ. ಐರ್ಲೆಂಡ್ ತಂಡಕ್ಕೂ ಆರಿಸಿದರು, 5 ಪಂದ್ಯ ಆಡಿದ.

ಆ ಗೋಲು ಬಂದಿದ್ದು 1890ರ ಮಾರ್ಚ್ 15ರಂದು, ಬೆಲ್‌ಫಾಸ್ಟ್‌ನಲ್ಲಿ. ಇಂಗ್ಲೆಂಡ್ 9-1ರಿಂದ ಗೆದ್ದಿತು. ಆ ಒಂದು ಗೋಲು ರೆನಾಲ್ಡ್ಸ್‌ದು. ಅದೇ ದಿನ ಇಂಗ್ಲೆಂಡಿನ ಇನ್ನೊಂದು ತಂಡ ವೇಲ್ಸ್ ವಿರುದ್ಧ ಆಡಿ ಗೆದ್ದಿತ್ತು, ಅಂದರೆ ಅವರ ಬಳಿ ಆಟಗಾರರು ಅಷ್ಟು ಜಾಸ್ತಿ ಇದ್ದರು! ಐರ್ಲೆಂಡ್ 1882ರ ತನ್ನ ಮೊದಲ ಪಂದ್ಯದಲ್ಲೇ ಇದೇ ಇಂಗ್ಲೆಂಡಿಗೆ 13-0ರಿಂದ ಸೋತಿತ್ತು. ಅಂಥವರ ಎದುರು ಒಂದು ಗೋಲು ಅಂದರೆ ಸುಮ್ನೆ ಮಾತಲ್ಲ.

1891ರಲ್ಲಿ ಇಂಗ್ಲೆಂಡಿನ ವೆಸ್ಟ್ ಬ್ರಾಮ್‌ವಿಚ್ ಆಲ್ಬಿಯನ್ ಕ್ಲಬ್ ಸೇರಿದ. ಇಂಗ್ಲೆಂಡಿನಲ್ಲಿ 1885ರಿಂದಲೇ ಆಟಕ್ಕೆ ಸಂಬಳ ಕೊಡಬಹುದಿತ್ತು, ಐರ್ಲೆಂಡಿನಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 1894ರಲ್ಲಿ, ಹಾಗಾಗಿ ಒಳ್ಳೆ ಆಟಗಾರರು ಸಮುದ್ರ ದಾಟುತ್ತಿದ್ದುದು ಸಹಜ ಅಲ್ವಾ? ಅಲ್ಲಿಗೆ ಹೋದ ಮೇಲೆ ಇವನು ಹುಟ್ಟಿದ್ದು ಬ್ಲ್ಯಾಕ್‌ಬರ್ನ್‌ನಲ್ಲಿ ಅನ್ನೋದು ಗೊತ್ತಾಯಿತು. ಇಂಗ್ಲೆಂಡ್ ತಂಡಕ್ಕೆ ಆಗ ಹುಟ್ಟಿದ ಜಾಗವೇ ಮುಖ್ಯ. ತಡೆಯೋಕೆ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ಕೂಡ ಇರಲಿಲ್ಲ, ಅದು ಶುರುವಾಗಿದ್ದೇ 1904ರಲ್ಲಿ. 1892ರಿಂದ ಇಂಗ್ಲೆಂಡ್ ಪರ 8 ಪಂದ್ಯ ಆಡಿ 3 ಗೋಲು ಹೊಡೆದ.

ಕ್ಲಬ್ ಆಟ ಇನ್ನೂ ಸೊಗಸು. ಇವನು ಹಾಫ್ ಬ್ಯಾಕ್, ಅಂದರೆ ಹಿಂದಿನ ಸಾಲಿಗೂ ಮುಂದಿನ ಸಾಲಿಗೂ ನಡುವೆ ನಿಂತು ಚೆಂಡು ಕಿತ್ತುಕೊಂಡು ಮುಂದೆ ಕೊಡುವವನು. ಆದರೂ ಇಂಗ್ಲೆಂಡಿನ ಕ್ಲಬ್‌ಗಳ ನಾಕೌಟ್ ಟೂರ್ನಿಯಾದ ಎಫ್.ಎ. ಕಪ್‌ನ 1892ರ ಫೈನಲ್‌ನಲ್ಲಿ ಆಸ್ಟನ್ ವಿಲ್ಲಾ ಕ್ಲಬ್ ವಿರುದ್ಧ ಮೂರನೇ ಗೋಲು ಇವನದೇ, ಆಲ್ಬಿಯನ್ 3-0ರಿಂದ ಗೆದ್ದಿತು. ನಡೆದಿದ್ದು ನಮಗೆಲ್ಲ ಕ್ರಿಕೆಟ್‌ನಿಂದ ಗೊತ್ತಿರುವ ಓವಲ್ ಮೈದಾನದಲ್ಲಿ. ಮರುವರ್ಷ ವಿಲ್ಲಾ ಸೇರಿಬಿಟ್ಟ! 1895ರ ಫೈನಲ್‌ನಲ್ಲಿ ತನ್ನ ಹಳೇ ಆಲ್ಬಿಯನ್‌ನನ್ನೇ ಸೋಲಿಸಿದ ತಂಡದಲ್ಲಿದ್ದ. 1894, 1896, 1897ರಲ್ಲಿ ವಿಲ್ಲಾ ಜೊತೆ ಇಂಗ್ಲಿಷ್ ಲೀಗ್ ಪಟ್ಟ. 1897ರಲ್ಲಂತೂ ಎವರ್ಟನ್ ವಿರುದ್ಧ 3-2ರಿಂದ ಕಪ್ ಗೆದ್ದ ದಿನವೇ ಲೀಗ್ ಕೂಡ ವಿಲ್ಲಾ ಪಾಲಾಯಿತು. ಆಮೇಲೆ ಸ್ಕಾಟ್ಲೆಂಡಿನ ಸೆಲ್ಟಿಕ್ ಕ್ಲಬ್‌ಗೆ ಹೋಗಿ 1898ರ ಸ್ಕಾಟಿಷ್ ಲೀಗ್ ಗೆದ್ದ ತಂಡದಲ್ಲೂ ಆಡಿದ.

ಅವನನ್ನು ಐರಿಶ್ ಆಟಗಾರ ಅನ್ನಬಹುದಾ ಅಂತಲೂ ಕೇಳಿದ್ದೀರಿ. ನನ್ನ ಪ್ರಕಾರ ಖಂಡಿತ ಅನ್ನಬಹುದು. ಅವನ ಆಟ ಪಳಗಿದ್ದು ಬೆಲ್‌ಫಾಸ್ಟ್‌ನಲ್ಲಿ, ಮೊದಲು ಗುರುತಿಸಿ ಕರೆದವರೂ ಅಲ್ಲಿನವರೇ.