ನಾಯಿಯೊಂದಿಗೆ ಬಾಡಿಗೆ ಮನೆ ಹುಡುಕುವಾಗ
ದುಬಾರಿ ನಗರದಲ್ಲಿ, ಕೈಗೆಟಕುವ ಬಾಡಿಗೆಗೆ, ರೈಲು ನಿಲ್ದಾಣದ ಸಮೀಪ, ನಾಯಿಯನ್ನೂ ಒಪ್ಪುವ ಮನೆ ಸಿಗುವುದೇ ಎಂದು ಕೇಳಿದ್ದೀರಿ. ನಿಲ್ದಾಣಕ್ಕೆ ಅಂಟಿಕೊಂಡ ಮನೆಗಳನ್ನು ಬಿಟ್ಟು, ಮಾರ್ಗದ ಕೊನೆಯ ನಿಲ್ದಾಣಗಳಿಂದ ಒಂದು ಕಿಲೋಮೀಟರಿನೊಳಗೆ, ಅಂದರೆ ಸುಮಾರು 12 ನಿಮಿಷಗಳ ನಡಿಗೆಯಷ್ಟು ದೂರದಲ್ಲಿ ಹುಡುಕಿದರೆ ಬಾಡಿಗೆ ಸಾಮಾನ್ಯವಾಗಿ ಕಡಿಮೆಯಿರುತ್ತದೆ. ಆ ನಡಿಗೆ ಹೇಗೂ ನಾಯಿಗೆ ಬೇಕಾದದ್ದೇ. ನಾಯಿಯಿರುವುದನ್ನು ಮಾತ್ರ ಮುಚ್ಚಿಡಬೇಡಿ. ರೇಬೀಸ್ ಲಸಿಕೆಯ ದಾಖಲೆಯನ್ನೂ ನಾಯಿಯಿಂದ ತೊಂದರೆಯಾಗಿಲ್ಲವೆಂದು ಹಿಂದಿನ ಮನೆಯ ಮಾಲೀಕರು ಬರೆದುಕೊಟ್ಟ ಪತ್ರವನ್ನೂ ಮೊದಲ ಭೇಟಿಗೇ ಒಯ್ಯಿರಿ. ಬಾಗಿಲಲ್ಲಿ ಬೊಗಳದೆ ನಿಮ್ಮ ಕಾಲ ಬಳಿ ಕುಳಿತ ನಾಯಿ ನಿಮ್ಮ ಹತ್ತು ಮಾತಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಮಾಲೀಕರು ಬಾಯಿಮಾತಿನಲ್ಲಿ ಒಪ್ಪಿದರೆ ಸಾಲದು. ನಾಯಿಗೆ ಅನುಮತಿಯಿದೆ ಎಂಬುದನ್ನೂ, ಯಾವ ಹಾನಿಗೆ ಮುಂಗಡದಿಂದ ಹಣ ಮುರಿದುಕೊಳ್ಳಬಹುದು ಎಂಬುದನ್ನೂ ಕರಾರುಪತ್ರದಲ್ಲಿ ಬರೆಸಿಕೊಳ್ಳಿ. ಬಾಗಿಲ ಚೌಕಟ್ಟಿನಲ್ಲಿ ಮೊದಲೇ ಇರುವ ಗೀರುಗಳ ಫೋಟೊಗಳನ್ನು ಸಾಮಾನು ಇಳಿಸುವ ಮುನ್ನವೇ ತೆಗೆದಿಟ್ಟುಕೊಳ್ಳಿ.