ನೀವು ಕೇಳಿದಿರಿ: ಎಣ್ಣೆ ನಿಂತಾಗ ನೆಂಟರು ಎಲ್ಲಿದ್ದರು?

ಪ್ರಶ್ನೆ: 1973ರಲ್ಲಿ ಅರಬ್ ದೇಶಗಳು ಕಚ್ಚಾ ಎಣ್ಣೆ ಕಳಿಸುವುದನ್ನು ನಿಲ್ಲಿಸಿದಾಗ ಯುರೋಪಿನವರು ಇದ್ದದ್ದನ್ನು ಹಂಚಿಕೊಂಡರು ಅಂತ ಎಲ್ಲೋ ಓದಿದೆ. ನಿಜವಾ?
- ಓದುಗರು, ದಾವಣಗೆರೆ

ಹಂಚಿಕೆ ಆಯಿತು, ಆದರೆ ಸರ್ಕಾರಗಳು ಮುಂದೆ ನಿಂತು ಮಾಡಿದ್ದಲ್ಲ. ಆಗಿನ ಅರಬ್-ಇಸ್ರೇಲ್ ಯುದ್ಧದಲ್ಲಿ ಇಸ್ರೇಲ್ ಪರ ನಿಂತಿದ್ದಕ್ಕೆ ಅಮೆರಿಕದ ಜೊತೆ ನೆದರ್‌ಲ್ಯಾಂಡ್ಸ್‌ಗೂ ಎಣ್ಣೆ ಬಂದ್ ಆಯಿತು. ನವೆಂಬರ್ 4ರಿಂದ ಅಲ್ಲಿ ಭಾನುವಾರ ಕಾರು ಓಡಿಸುವಂತಿಲ್ಲ. ಜನ ಹೆದ್ದಾರಿಯಲ್ಲೇ ಸೈಕಲ್ ತುಳಿದರು, ಚಕ್ರದ ಶೂ ಹಾಕಿಕೊಂಡು ಜಾರಿದರು! ಬ್ರಿಟನ್, ಫ್ರಾನ್ಸ್ ಮಾತ್ರ ಅರಬ್ಬರ ಕಣ್ಣಿಗೆ ಒಳ್ಳೆಯವರಾಗಿದ್ದರಿಂದ ಸುಮ್ನೆ ಕೂತವು. ನವೆಂಬರ್ 6ರಂದು ಯುರೋಪ್ ಸಮುದಾಯದ (ಇಂದಿನ ಯುರೋಪ್ ಒಕ್ಕೂಟದ ಹಿಂದಿನ ರೂಪ) ಒಂಬತ್ತೂ ದೇಶಗಳು ಅರಬ್ಬರಿಗೆ ಹಿತವಾಗುವಂಥ ಹೇಳಿಕೆ ಕೊಟ್ಟವು.

ಆಗ ಡಚ್ಚರಿಗೆ, ಅಂದರೆ ನೆದರ್‌ಲ್ಯಾಂಡ್ಸ್‌ನವರಿಗೆ, ತಮ್ಮ ಕೈಯಲ್ಲೂ ಒಂದು ನಲ್ಲಿ ಇದೆ ಅಂತ ನೆನಪಾಯಿತು. ತಮ್ಮ ದೇಶದ ಗ್ರೋನಿಂಗನ್‌ನ ಗ್ಯಾಸ್ ಕೊಳವೆಯಲ್ಲಿ ಫ್ರಾನ್ಸ್‌ವರೆಗೂ ಹೋಗುತ್ತಿತ್ತಲ್ಲ, ಅದನ್ನೂ ನಿಲ್ಲಿಸಬಹುದು ಅನ್ನುವ ಸೂಚನೆ ಕೊಟ್ಟರು. ನಿಜವಾಗಿ ಕೈಹಿಡಿದವರು ಎಣ್ಣೆ ಕಂಪನಿಗಳು: ಇರಾನ್, ನೈಜೀರಿಯಾದ ಎಣ್ಣೆಯನ್ನು ಡಚ್ ಬಂದರು ರಾಟರ್‌ಡ್ಯಾಮ್ ಕಡೆ ತಿರುಗಿಸಿ, ಅರಬ್ ಎಣ್ಣೆಯನ್ನು ಬೇರೆಯವರಿಗೆ ಕೊಟ್ಟು, ಕೊರತೆ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಥರ ತಟ್ಟುವಂತೆ ನೋಡಿಕೊಂಡರು. ಪುಣ್ಯಕ್ಕಲ್ಲ, ವ್ಯಾಪಾರಕ್ಕೆ.

ಪ್ರಶ್ನೆ: ಹಾಗಾದರೆ ಲಿಖಿತ ಒಪ್ಪಂದ ಅಂತ ಆಗಿದ್ದು ಯಾವಾಗ?
- ಓದುಗರು, ಮೈಸೂರು

1974ರ ನವೆಂಬರ್‌ನಲ್ಲಿ, ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಹುಟ್ಟಿದಾಗ. ಕಚೇರಿ ಪ್ಯಾರಿಸ್‌ನಲ್ಲಿ, ಆದರೆ ಫ್ರಾನ್ಸ್ ಅದನ್ನು ಸೇರಿದ್ದು 1992ರಲ್ಲಿ! ಸದಸ್ಯರು ತೊಂಬತ್ತು ದಿನದ ಆಮದಿಗೆ ಸಮನಾದ ಎಣ್ಣೆ ಕೂಡಿಡಬೇಕು, ಕಷ್ಟ ಬಂದರೆ ಒಟ್ಟಿಗೆ ಹೊರಗೆ ಬಿಡಬೇಕು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಎರಡು ಸಲ ಸೇರಿ ಸುಮಾರು 18 ಕೋಟಿ ಬ್ಯಾರೆಲ್ ಬಿಡಲು ಒಪ್ಪಿದರು.

ಪ್ರಶ್ನೆ: ನಮ್ಮೂರ ಪಕ್ಕ ಪಾದೂರಿನಲ್ಲಿ ನೆಲದಡಿ ಎಣ್ಣೆ ಇಟ್ಟಿದ್ದಾರಲ್ಲ, ಅದೂ ಈ ಲೆಕ್ಕಕ್ಕೆ ಬರುತ್ತಾ?
- ಓದುಗರು, ಕಾಪು

ಇಲ್ಲ. ಭಾರತ 2017ರಿಂದ ಆ ಇಂಧನ ಸಂಸ್ಥೆಯಲ್ಲಿ ಸಹಸದಸ್ಯ ಅಷ್ಟೇ, ಪೂರ್ಣ ಸದಸ್ಯ ಅಲ್ಲ, ತೊಂಬತ್ತು ದಿನದ ಕಟ್ಟುಪಾಡು ನಮಗಿಲ್ಲ. ಪಾದೂರಿನ ಬಂಡೆಯೊಳಗಿನ ಗುಹೆಗಳಲ್ಲಿ 25 ಲಕ್ಷ ಟನ್ ಹಿಡಿಸುತ್ತದೆ, ಮಂಗಳೂರಿನಲ್ಲಿ 15 ಲಕ್ಷ, ವಿಶಾಖಪಟ್ಟಣದಲ್ಲಿ 13.3 ಲಕ್ಷ. ಮೂರೂ ತುಂಬಿದರೂ ದೇಶಕ್ಕೆ ಒಂಬತ್ತೂವರೆ ದಿನಕ್ಕೆ ಸಾಕು ಅಂತ ಸರ್ಕಾರದ ಲೆಕ್ಕ. ಆದರೂ 2021ರ ನವೆಂಬರ್‌ನಲ್ಲಿ ಬೆಲೆ ಏರಿದಾಗ ಅಮೆರಿಕ, ಜಪಾನ್ ಜೊತೆ ಸೇರಿ 50 ಲಕ್ಷ ಬ್ಯಾರೆಲ್ ಬಿಡುತ್ತೇವೆ ಅಂತ ಭಾರತ ಹೇಳಿತ್ತು. ಅಂದರೆ ನಿಮ್ಮ ಪಕ್ಕದ ಗುಹೆ ಕಟ್ಟುಪಾಡಿಗೆ ಸೇರದಿದ್ದರೂ ಕೂಟಕ್ಕೆ ಸೇರುತ್ತದೆ, ಅಲ್ವಾ!