ಸ್ವಚ್ಛಗೊಳಿಸಿದ ಮೇಲೆ ಟಿಪ್‌ಮನ್ 98 ಪೇಂಟ್‌ಬಾಲ್ ಮಾರ್ಕರ್ (ಬಣ್ಣದ ಗುಂಡು ಹಾರಿಸುವ ಆಟದ ಬಂದೂಕು) ಗುಂಡು ಹಾರಿಸುತ್ತಿಲ್ಲ, ಏನು ಮಾಡಲಿ?

ಕನ್ನಡಕ ಹಾಕಿ, ಗ್ಯಾಸ್ ಸಿಲಿಂಡರ್ ಬಿಚ್ಚಿ, ಮಾರ್ಕರ್ ಒಳಗೆ ಉಳಿದ ಗ್ಯಾಸನ್ನು ಸುರಕ್ಷಿತ ದಿಕ್ಕಿಗೆ ಹಾರಿಸಿ ಖಾಲಿ ಮಾಡಿ. ಆಮೇಲಷ್ಟೇ ತೆರೆಯಿರಿ.

ಕಾಕ್ ಮಾಡಿದರೂ (ಬೋಲ್ಟನ್ನು ಹಿಂದಕ್ಕೆ ಎಳೆದರೂ) ಬೋಲ್ಟ್ ಅಲ್ಲೇ ನಿಲ್ಲುತ್ತಿಲ್ಲವೇ? ಬಾಡಿಯ ಎರಡು ಹೋಳು ಬೇರ್ಪಡಿಸುವಾಗ ಸಿಯರ್ (ಬೋಲ್ಟನ್ನು ಹಿಂದೆ ಹಿಡಿದಿಡುವ ಕೊಂಡಿ) ಸ್ಪ್ರಿಂಗ್ ಜಾರಿ ಬಿದ್ದಿರಬಹುದು. ಮೊದಲು ಅದನ್ನೇ ಹುಡುಕಿ. ಮುಂದಿನ, ಹಿಂದಿನ ಬೋಲ್ಟ್‌ಗಳನ್ನು ಜೋಡಿಸುವ ಕಡ್ಡಿ ಎರಡೂ ತೂತುಗಳಲ್ಲಿ ಕೂತಿದೆಯೇ ನೋಡಿ.

ಒಮ್ಮೆ ಗುಂಡು ಹಾರಿ ಮತ್ತೆ ಕಾಕ್ ಆಗದಿದ್ದರೆ ಹಿಂದಿನ ಬೋಲ್ಟಿನ ಓ-ರಿಂಗ್ (ಗ್ಯಾಸ್ ಸೋರದಂತೆ ತಡೆಯುವ ರಬ್ಬರ್ ಉಂಗುರ) ಒಣಗಿರಬಹುದು. ಪೇಂಟ್‌ಬಾಲ್ ಎಣ್ಣೆ 2-3 ಹನಿ ಸಾಕು. ಡಬ್ಲ್ಯುಡಿ-40 ಮಾತ್ರ ದಯವಿಟ್ಟು ಬೇಡ, ರಬ್ಬರ್ ಕೆಡುತ್ತದೆ. ರಿಂಗ್ ಸೀಳಿದ್ದರೆ ಹೊಸದೇ ಹಾಕಿ.

ಬಾಡಿ ಸ್ಕ್ರೂ ಅತಿಯಾಗಿ ಬಿಗಿದರೂ ಬೋಲ್ಟ್ ಸಿಕ್ಕಿಕೊಳ್ಳುತ್ತದೆ. ಬರೀ ಟಿಕ್ ಸದ್ದು ಬಂದರೆ ಸಿಲಿಂಡರ್ ಪೂರ್ತಿ ತಿರುಗಿಸಿಲ್ಲದಿರಬಹುದು ಅಥವಾ ಖಾಲಿಯಾಗಿರಬಹುದು.